ಮನೆಯ ನೀರಿನ ಪೈಪಿನ ವಾಲ್ ಬದಲಿಸಬೇಕು, ಯಾವ ಸೈಜ್ ತರಲಿ? ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯಲ್ಲಿ ಪೈಪು, ನಲ್ಲಿ, ವಾಲ್ ಮಾರುವ ಅಂಗಡಿಯ ಕೌಂಟರಿನಲ್ಲಿ ನಾನು ಹನ್ನೊಂದು ವರ್ಷದಿಂದ ನಿಂತಿದ್ದೇನೆ. ಭಾನುವಾರ ಬೆಳಿಗ್ಗೆ ಬರುವವರ ಮುಖ ನೋಡಿದರೇ ಗೊತ್ತಾಗುತ್ತದೆ, ಮನೆಯಲ್ಲಿ ನೀರು ಸೋರುತ್ತಿದೆ ಅಂತ. ಅವಸರದಲ್ಲಿ ಒಂದು ವಾಲ್ ಒಯ್ಯುತ್ತಾರೆ. ಅರ್ಧ ಗಂಟೆಗೆ ವಾಪಸ್ ಬರುತ್ತಾರೆ. ಇನ್ನೊಂದು ಒಯ್ಯುತ್ತಾರೆ. ಅಷ್ಟು ಹೊತ್ತು ಮನೆಯವರೆಲ್ಲ ನೀರಿಲ್ಲದೆ ಕೂತಿರುತ್ತಾರೆ. ಆ ಎರಡನೇ ಓಡಾಟ ತಪ್ಪಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ. ಇಲ್ಲಿರುವ ಪ್ರಶ್ನೆಗಳೆಲ್ಲ ಕೌಂಟರಿನ ಆಚೆ ನಿಂತವರು ನನ್ನನ್ನು ಕೇಳಿದವು.

ವಾಲ್ ಸೋರುತ್ತಿದೆ. ಪೂರ್ತಿ ಬದಲಿಸಲೇಬೇಕಾ?

ಎಲ್ಲಿಂದ ಸೋರುತ್ತಿದೆ ಅಂತ ಮೊದಲು ನೋಡಿ. ಚಕ್ರ ತಿರುಗಿಸಿ ಒಳಗಿನ ಗೇಟನ್ನು ಮೇಲೆ ಕೆಳಗೆ ಮಾಡುವ ವಾಲಿಗೆ ಗೇಟ್ ವಾಲ್ ಅಂತಾರೆ. ಅದರ ಚಕ್ರದ ಕೆಳಗೆ, ಸ್ಪಿಂಡಲ್ ಅನ್ನುವ ಕಡ್ಡಿಯ ಸುತ್ತ ಹನಿ ಬರುತ್ತಿದ್ದರೆ ವಾಲ್ ಕೆಟ್ಟಿಲ್ಲ. ಅಲ್ಲೇ ಒಂದು ಸಣ್ಣ ನಟ್ ಇರುತ್ತದೆ. ಅದಕ್ಕೆ ಗ್ಲ್ಯಾಂಡ್ ನಟ್ ಅಂತಾರೆ. ಸ್ಪ್ಯಾನರ್ ಹಾಕಿ ಕಾಲು ಸುತ್ತು ಬಿಗಿ ಮಾಡಿ. ಎಷ್ಟೋ ಸಲ ಅಷ್ಟಕ್ಕೇ ನಿಲ್ಲುತ್ತದೆ. ನಿಲ್ಲದಿದ್ದರೆ ಒಳಗಿನ ಪ್ಯಾಕಿಂಗ್ ದಾರ ಸವೆದಿದೆ. ಅದನ್ನಷ್ಟೇ ಬದಲಿಸಬಹುದು, ಖರ್ಚು ಬಹಳ ಕಡಿಮೆ.

ಪೂರ್ತಿ ಬಂದ್ ಮಾಡಿದರೂ ನೀರು ಬರುತ್ತಲೇ ಇದ್ದರೆ ಅಥವಾ ಚಕ್ರ ಸುಮ್ನೆ ಸುತ್ತುತ್ತಿದ್ದರೆ ಬದಲಿಸಬೇಕು. ವಾಲಿನ ಮೈಯಲ್ಲೇ ಬಿರುಕು ಬಿಟ್ಟಿದ್ದರೂ ಅಷ್ಟೇ. ಗೇಟ್ ವಾಲಿನಲ್ಲಿ ಇನ್ನೊಂದು ತೊಂದರೆ ಇದೆ. ಸ್ಪಿಂಡಲ್ ತುಂಡಾಗಿ ಒಳಗಿನ ಗೇಟ್ ಕೆಳಗೆ ಬಿದ್ದುಬಿಡುತ್ತದೆ. ಆಗ ಎಷ್ಟು ತಿರುಗಿಸಿದರೂ ನೀರೇ ಬರುವುದಿಲ್ಲ. ಜನ ಮೋಟರ್ ಕೆಟ್ಟಿತು, ಪೈಪು ಕಟ್ಟಿತು ಅಂತ ಎಲ್ಲೆಲ್ಲೋ ಹುಡುಕುತ್ತಾರೆ.

"ಒಂದು ಮುಕ್ಕಾಲು ವಾಲ್ ಕೊಡ್ರಿ" ಅಂದರೆ ಸಾಲದಾ?

ಸಾಲದು. ಸೈಜ್ ಅನ್ನೋದು ಬರೀ ಒಂದು ನಂಬರ್ ಅಲ್ಲ. ಅದು ಯಾವ ಜಾತಿಯ ಪೈಪಿನ ನಂಬರ್ ಅಂತಲೂ ಹೇಳಬೇಕು. ಮುಕ್ಕಾಲು ಇಂಚಿನ ಜಿಐ (ಸತುವಿನ ಲೇಪದ ಕಬ್ಬಿಣ), ಮುಕ್ಕಾಲು ಇಂಚಿನ ಸಿಪಿವಿಸಿ (ಬಿಸಿನೀರನ್ನೂ ತಡೆಯುವ ಪ್ಲಾಸ್ಟಿಕ್), ಮುಕ್ಕಾಲು ಇಂಚಿನ ತೋಟದ ಪಿವಿಸಿ (ಸಾದಾ ಪ್ಲಾಸ್ಟಿಕ್), ಈ ಮೂರರ ಹೊರಸುತ್ತು ಮೂರು ಥರ. ಒಂದಕ್ಕೆ ಕೂರುವ ವಾಲ್ ಇನ್ನೊಂದಕ್ಕೆ ಕೂರುವುದಿಲ್ಲ. ನಂಬರ್ ಮಾತ್ರ ಹೇಳುವುದು ಮನೆತನ ಬಿಟ್ಟು ಹೆಸರು ಮಾತ್ರ ಹೇಳಿದ ಹಾಗೆ. ಊರಲ್ಲಿ ಆ ಹೆಸರಿನವರು ನಾಲ್ಕು ಜನ ಇರುತ್ತಾರೆ.

ನಮ್ಮ ಮಾತಿನಲ್ಲೇ ಇನ್ನೊಂದು ತೊಡಕೂ ಇದೆ. "ಒಂದು ಮುಕ್ಕಾಲು" ಅಂದರೆ ಮುಕ್ಕಾಲು ಇಂಚಿನದು ಒಂದು ಅಂತ ಗೊತ್ತಾಗುತ್ತದೆ. ಯಾಕಂದರೆ ಒಂದೂಮುಕ್ಕಾಲು ಇಂಚಿನ ವಾಲನ್ನು ಮನೆಗೆ ಯಾರೂ ಹಾಕುವುದಿಲ್ಲ. ಆದರೆ "ಒಂದು ಕಾಲಿಂಚು" ಅಂದರೆ? ಕಾಲು ಇಂಚಿನ ವಾಲೂ ಇದೆ, ನೀರು ಶುದ್ಧ ಮಾಡುವ ಆರ್‌ಒ ಯಂತ್ರಕ್ಕೆ ಬೇಕಾಗುತ್ತದೆ. ಒಂದೂಕಾಲು ಇಂಚಿನದೂ ಇದೆ, ಟ್ಯಾಂಕಿನ ಲೈನಿಗೆ ಹಾಕುತ್ತಾರೆ. ಫೋನಿನಲ್ಲಿ ಹೇಳುವಾಗ ತಪ್ಪುವುದು ಇಲ್ಲೇ. "ಒಂದರ ಮೇಲೆ ಕಾಲು" ಅಂತ ಬಿಡಿಸಿ ಹೇಳಿ. ಇಲ್ಲಾಂದ್ರೆ "32 ಎಂಎಂ" ಅಂತ ಹೇಳಿ ಪೈಪಿನ ಜಾತಿಯನ್ನೂ ಸೇರಿಸಿ.

ಸ್ಕೇಲ್ ಹಿಡಿದು ಅಳೆದೆ, 21 ಎಂಎಂ ಬಂತು. 20 ಎಂಎಂ ವಾಲ್ ಒಯ್ದೆ, ದೊಡ್ಡದಾಯಿತು. ಯಾಕೆ?

ಅತಿ ಜಾಸ್ತಿ ಜನ ಎಡವುವುದು ಇಲ್ಲೇ. ಎಡವುವವರು ಅಳತೆಯಲ್ಲಿ ತಪ್ಪಿರುವುದಿಲ್ಲ, ಸರಿಯಾಗಿಯೇ ಅಳೆದಿರುತ್ತಾರೆ.

"ಅರ್ಧ ಇಂಚು" ಅನ್ನೋದು ಹಳೆಯ ಕಬ್ಬಿಣದ ಪೈಪಿನ ಒಳ ಬಾಯಿಯ ಹೆಸರು. ಅದನ್ನೇ 15 ಎಂಎಂ ಅಂತಲೂ ಕರೆಯುತ್ತಾರೆ. ಆದರೆ ಥ್ರೆಡ್, ಅಂದರೆ ತಿರುಪಿನ ಹಲ್ಲು, ಇರುವುದು ಪೈಪಿನ ಹೊರಮೈಗೆ. ಪೈಪಿನ ದಪ್ಪವೂ ಸೇರಿ ಅಲ್ಲಿ ಸುಮಾರು 21 ಎಂಎಂ ಬರುತ್ತದೆ. ಸ್ಕೇಲಿಗೆ ಸಿಗುವುದು ಈ 21. ನೀವು ಅದಕ್ಕೆ ಹತ್ತಿರದ 20 ಎಂಎಂ ವಾಲ್ ಒಯ್ಯುತ್ತೀರಿ. 20 ಎಂಎಂ ಅಂದರೆ ಮುಕ್ಕಾಲು ಇಂಚು. ಒಂದು ಸೈಜ್ ಮೇಲಕ್ಕೆ ಹೋಯಿತು.

ಪ್ರತಿ ಸೈಜಿನಲ್ಲೂ ಹೀಗೇ ಆಗುತ್ತದೆ. ಮುಕ್ಕಾಲು ಇಂಚಿನ ಹೊರ ಥ್ರೆಡ್ ಅಳೆದರೆ 26 ಎಂಎಂ ಚಿಲ್ಲರೆ ಬರುತ್ತದೆ. ಜನ 25 ಎಂಎಂ ವಾಲ್ ಒಯ್ಯುತ್ತಾರೆ, ಅದು ಒಂದು ಇಂಚಿನದು. ಒಂದು ಇಂಚಿನ ಥ್ರೆಡ್ 33 ಎಂಎಂ ಬರುತ್ತದೆ. ಜನ 32 ಒಯ್ಯುತ್ತಾರೆ, ಅದು ಒಂದೂಕಾಲು ಇಂಚಿನದು. ಒಂದೂಕಾಲು ಇಂಚಿನ ಥ್ರೆಡ್ 42 ಎಂಎಂ, ಒಂದೂವರೆ ಇಂಚಿನದು 48 ಎಂಎಂ ಹತ್ತಿರ. ಈ ಐದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: 21 ಬಂದರೆ ಅರ್ಧ, 26 ಬಂದರೆ ಮುಕ್ಕಾಲು, 33 ಬಂದರೆ ಒಂದು, 42 ಬಂದರೆ ಒಂದೂಕಾಲು, 48 ಬಂದರೆ ಒಂದೂವರೆ.

ಅಳೆಯಲು ಏನೂ ಇಲ್ಲದಿದ್ದರೆ ಹತ್ತು ರೂಪಾಯಿ ನಾಣ್ಯ ತೆಗೆಯಿರಿ. ಅದು 27 ಎಂಎಂ ಅಗಲ ಇದೆ. ಥ್ರೆಡ್ಡಿನ ತುದಿಗೆ ಹಿಡಿದಾಗ ಎರಡೂ ಹೆಚ್ಚೂಕಡಿಮೆ ಸಮ ಬಂದರೆ ಅದು ಮುಕ್ಕಾಲು ಇಂಚು. ಥ್ರೆಡ್ ನಾಣ್ಯಕ್ಕಿಂತ ಎದ್ದು ಕಾಣುವಷ್ಟು ಸಣ್ಣದಿದ್ದರೆ ಅರ್ಧ ಇಂಚು.

ಥ್ರೆಡ್ ವಾಲಿನ ಒಳಗಿದ್ದರೆ ಹೇಗೆ ಅಳೆಯೋದು?

ಒಳ ಥ್ರೆಡ್ಡಿನ ಬಾಯಿ ಸ್ವಲ್ಪ ಕಿರಿದಾಗಿರುತ್ತದೆ. ಅರ್ಧ ಇಂಚಿಗೆ ಸುಮಾರು 18.6 ಎಂಎಂ, ಮುಕ್ಕಾಲಿಗೆ 24, ಒಂದು ಇಂಚಿಗೆ 30. ಅದಕ್ಕಿಂತ ಸುಲಭದ್ದು, ಹಳೆಯ ವಾಲಿನ ಮೈ ಉಜ್ಜಿ ನೋಡುವುದು. ಹಿತ್ತಾಳೆ ವಾಲಿನ ಹೊಟ್ಟೆಯ ಮೇಲೆ ಸೈಜ್ ಅಚ್ಚಾಗಿರುತ್ತದೆ. ಸುಣ್ಣ, ಬಣ್ಣ ಮೆತ್ತಿ ಮುಚ್ಚಿಹೋಗಿರುತ್ತದೆ ಅಷ್ಟೇ. ಹಳೆ ಬ್ರಷ್ಷಿಗೆ ಸ್ವಲ್ಪ ಹುಣಸೆಹಣ್ಣು ಹಚ್ಚಿ ಉಜ್ಜಿ, ದೇವರ ಮನೆಯ ಹಿತ್ತಾಳೆ ಸಾಮಾನು ತೊಳೆಯುವ ಹಾಗೆ. ನಂಬರ್ ಮೇಲೆ ಬರುತ್ತದೆ. ಅದರ ಪಕ್ಕದಲ್ಲಿ "ಪಿಎನ್" ಅಂತ ಇರುವ ನಂಬರ್ ಸೈಜ್ ಅಲ್ಲ, ಅದು ತಡೆಯುವ ಒತ್ತಡದ್ದು. "ಪಿಎನ್ 16" ನೋಡಿ 15 ಎಂಎಂ ಹತ್ತಿರದ್ದು ಅಂದುಕೊಂಡವರನ್ನು ನೋಡಿದ್ದೇನೆ.

ನಮ್ಮ ಮನೆಯಲ್ಲಿ ಯಾವ ಪೈಪು ಇದೆ ಅಂತಲೇ ಗೊತ್ತಿಲ್ಲ.

ಪೈಪಿನ ಮೇಲೆ ಉದ್ದಕ್ಕೂ ಅಚ್ಚು ಹಾಕಿರುತ್ತಾರೆ. ಟಾರ್ಚ್ ಹಾಕಿ ಓದಿ. "ಐಎಸ್ 15778" ಅಂತ ಇದ್ದರೆ ಸಿಪಿವಿಸಿ. ಈಗಿನ ಮನೆಗಳಲ್ಲಿ ಬಿಸಿನೀರು, ತಣ್ಣೀರು ಎರಡಕ್ಕೂ ಹಾಕುವ ಕೆನೆ ಬಣ್ಣದ ಪೈಪು ಇದು. "ಐಎಸ್ 4985" ಅಂತ ಇದ್ದರೆ ತೋಟಕ್ಕೆ, ಬೋರಿನ ಲೈನಿಗೆ ಹಾಕುವ ಪಿವಿಸಿ, ಸಾಮಾನ್ಯವಾಗಿ ಬೂದು ಬಣ್ಣ. "ಷೆಡ್ಯೂಲ್ 40" ಅಥವಾ "ಷೆಡ್ಯೂಲ್ 80" ಅಂತ ಇದ್ದರೆ ಯುಪಿವಿಸಿ, ಹೆಚ್ಚಾಗಿ ಬಿಳಿ. ಆಯಸ್ಕಾಂತ ಅಂಟಿಕೊಂಡರೆ ಜಿಐ. ಹಳೆಯ ಬಡಾವಣೆಗಳ ಮನೆಗಳಲ್ಲಿ ಜಿಐ ಇನ್ನೂ ಉಂಟು. ಹಸಿರು ಪೈಪು ಇದ್ದರೆ ಪಿಪಿಆರ್ ಇರಬಹುದು. ಅದನ್ನು ಬಿಸಿ ಮಾಡಿ ಬೆಸೆಯುವ ಯಂತ್ರ ಇದ್ದವರೇ ಮಾಡಬೇಕು, ಅಂಟು ಹತ್ತುವುದಿಲ್ಲ.

ಬಣ್ಣ ಒಂದನ್ನೇ ನಂಬಬೇಡಿ. ಬಿಸಿಲಿಗೆ ಬಿಳಿ ಪೈಪು ಹಳದಿಯಾಗುತ್ತದೆ, ಧೂಳಿಗೆ ಕೆನೆ ಬಣ್ಣದ್ದು ಬೂದಾಗುತ್ತದೆ.

ಜಿಐ ಪೈಪಿನಲ್ಲಿ ಎ ಕ್ಲಾಸ್, ಬಿ ಕ್ಲಾಸ್, ಸಿ ಕ್ಲಾಸ್ ಅಂತಾರಲ್ಲ, ವಾಲಿಗೂ ಅದು ನೋಡಬೇಕಾ?

ಬೇಡ. ಹಳದಿ ಪಟ್ಟಿ ಹಗುರದ್ದು, ನೀಲಿ ಮಧ್ಯಮ, ಕೆಂಪು ಭಾರದ್ದು. ಕ್ಲಾಸ್ ಬದಲಾದರೆ ಪೈಪಿನ ದಪ್ಪ ಬದಲಾಗುತ್ತದೆ, ಥ್ರೆಡ್ ಬದಲಾಗುವುದಿಲ್ಲ.

ಪೈಪು ಕತ್ತರಿಸದೆ, ವಾಲ್ ಬಿಚ್ಚದೆ ಸೈಜ್ ತಿಳಿಯಬಹುದಾ?

ತಿಳಿಯಬಹುದು. ಒಂದು ದಾರ, ಒಂದು ಸ್ಕೇಲ್ ಸಾಕು. ಇದನ್ನು ನಾನು ಪ್ರತಿಯೊಬ್ಬರಿಗೂ ಹೇಳಿಕೊಡುತ್ತೇನೆ. ನೀರು ನಿಲ್ಲಿಸಬೇಕಿಲ್ಲ, ಮೇಸ್ತ್ರಿ ಬರಬೇಕಿಲ್ಲ. ಹತ್ತನೇ ಕ್ಲಾಸ್ ಓದುವ ಮಗ ಮಾಡಿಕೊಂಡು ಬರಬಹುದು.

ಹೂ ಕಟ್ಟುವ ದಾರ ಬೇಡ, ಅದು ಹಿಗ್ಗುತ್ತದೆ. ಒಂದು ಕಾಗದದ ಪಟ್ಟಿಯೂ ಆಗುತ್ತದೆ. ಪೈಪನ್ನು ಒರೆಸಿ, ತುಕ್ಕು ಇದ್ದರೆ ಉಜ್ಜಿ, ಪಟ್ಟಿಯನ್ನು ಒಂದೇ ಸುತ್ತು ಬಿಗಿಯಾಗಿ ಸುತ್ತಿ. ಎರಡು ಅಂಚು ಸೇರುವಲ್ಲಿ ಪೆನ್ನಿನಿಂದ ಗೆರೆ ಹಾಕಿ. ಬಿಚ್ಚಿ ಸ್ಕೇಲಿಗೆ ಹಿಡಿಯಿರಿ.

ಸಿಪಿವಿಸಿ ಪೈಪಿನ ಲೆಕ್ಕ ನೆನಪಿಡಲು ಬಹಳ ಸುಲಭ. ಸುತ್ತಳತೆ 5 ಸೆಂಟಿಮೀಟರ್ ಬಂದರೆ ಅರ್ಧ ಇಂಚು, 7 ಬಂದರೆ ಮುಕ್ಕಾಲು, 9 ಬಂದರೆ ಒಂದು, 11 ಬಂದರೆ ಒಂದೂಕಾಲು, 13 ಬಂದರೆ ಒಂದೂವರೆ. ಐದು, ಏಳು, ಒಂಬತ್ತು, ಹನ್ನೊಂದು, ಹದಿಮೂರು. ಎರಡು ಇಂಚಿಗೆ ಮಾತ್ರ ಈ ಸಾಲು ತಪ್ಪಿ 17 ಆಗುತ್ತದೆ.

ಜಿಐ ಮತ್ತು ಷೆಡ್ಯೂಲ್ ಯುಪಿವಿಸಿ, ಇವೆರಡರ ಹೊರಸುತ್ತು ಹೆಚ್ಚೂಕಡಿಮೆ ಒಂದೇ. ಅರ್ಧ ಇಂಚಿಗೆ 6.7 ಸೆಂಟಿಮೀಟರ್, ಮುಕ್ಕಾಲಿಗೆ 8.4, ಒಂದು ಇಂಚಿಗೆ 10.5, ಒಂದೂಕಾಲಿಗೆ 13.3, ಒಂದೂವರೆಗೆ 15.2, ಎರಡು ಇಂಚಿಗೆ 19.

ಈಗ ಎರಡೂ ಸಾಲನ್ನು ಪಕ್ಕಪಕ್ಕ ಇಟ್ಟು ನೋಡಿ. ಅರ್ಧ ಇಂಚಿನ ಯುಪಿವಿಸಿ 6.7, ಮುಕ್ಕಾಲು ಇಂಚಿನ ಸಿಪಿವಿಸಿ 7. ನಡುವೆ ಬರೀ 3 ಎಂಎಂ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ಅಂದಾಜಿನಲ್ಲಿ ಒಯ್ದ ವಾಲ್ ವಾಪಸ್ ಬರುವುದು ಹೆಚ್ಚಾಗಿ ಈ ಜೋಡಿಯಿಂದ. ಅದಕ್ಕೇ ದಾರದ ಅಳತೆಯ ಜೊತೆ ಪೈಪಿನ ಅಚ್ಚನ್ನೂ ಓದಿ ಅಂತ ಹೇಳುವುದು.

ತೋಟದಲ್ಲಿ 25 ಎಂಎಂ ಪೈಪು ಇದೆ, ಮನೆಯಲ್ಲೂ 25 ಎಂಎಂ ಪೈಪು ಇದೆ. ಅಲ್ಲಿಯ ವಾಲ್ ಇಲ್ಲಿಗೆ ಹಾಕಬಹುದಾ?

ಹಾಕಲು ಬರುವುದಿಲ್ಲ. ಚನ್ನಗಿರಿ, ಹೊನ್ನಾಳಿ ಕಡೆಯ ಅಡಿಕೆ ತೋಟದವರು ಇದನ್ನು ತುಂಬಾ ಕೇಳುತ್ತಾರೆ. ತೋಟದ ಮನೆಯಲ್ಲಿ ಉಳಿದ ವಾಲ್ ಇರುತ್ತದೆ, ಸುಮ್ನೆ ಯಾಕೆ ದುಡ್ಡು ಹಾಕೋದು ಅಂತ ತರುತ್ತಾರೆ. ಅವರ ಲೆಕ್ಕ ಸರಿಯೇ. ಆದರೆ ಎರಡು ಕಡೆಯ 25 ಬೇರೆ ಬೇರೆ.

ಐಎಸ್ 4985 ಪಿವಿಸಿ ಪೈಪಿಗೆ ಹೊರಗಿನ ಅಗಲವೇ ಹೆಸರು. 25 ಎಂಎಂ ಅಂದರೆ ಹೊರಗೆ 25 ಎಂಎಂ, ಅದು ಮುಕ್ಕಾಲು ಇಂಚಿನ ಪೈಪು. ಸಿಪಿವಿಸಿಯಲ್ಲಿ 25 ಎಂಎಂ ಅಂದರೆ ಒಂದು ಇಂಚಿನ ಪೈಪು, ಹೊರಗೆ 28.6 ಎಂಎಂ. ತೋಟದ ಪೈಪಿನಲ್ಲಿ ಒಂದು ಇಂಚು ಬೇಕಂದರೆ 32 ಎಂಎಂ ಕೇಳಬೇಕು. ಒಂದೂಕಾಲಿಗೆ 40, ಒಂದೂವರೆಗೆ 50, ಎರಡು ಇಂಚಿಗೆ 63. ದಾರ ಸುತ್ತಿದರೆ ಈ ಜಾತಿಯಲ್ಲಿ 20ಕ್ಕೆ 6.3 ಸೆಂಟಿಮೀಟರ್, 25ಕ್ಕೆ 7.9, 32ಕ್ಕೆ 10, 40ಕ್ಕೆ 12.6, 50ಕ್ಕೆ 15.7, 63ಕ್ಕೆ 19.8 ಬರುತ್ತದೆ.

ಹೋದ ಬೇಸಿಗೆಯಲ್ಲಿ ಸಂತೇಬೆನ್ನೂರು ಕಡೆಯ ಒಬ್ಬ ಅಜ್ಜ ಬಂದಿದ್ದರು. ಬೋರಿನಿಂದ ಸಂಪಿಗೆ ಬರುವ ಎರಡು ಇಂಚಿನ ಲೈನಿನ ವಾಲ್ ಒಡೆದಿತ್ತು. ಯಾರೋ ಷೆಡ್ಯೂಲ್ 80ರ ಎರಡು ಇಂಚಿನ ವಾಲ್ ಕೊಟ್ಟು ಕಳಿಸಿದ್ದರು. ಅದರ ಬಾಯಿ 60 ಎಂಎಂ ಪೈಪಿನದು, ಅಜ್ಜನ ಪೈಪು 63. ಒಳಗೆ ಹೋಗಲಿ ಅಂತ ಪೈಪಿನ ತುದಿ ಬೆಂಕಿಗೆ ಹಿಡಿದು, ಕೆರೆದು, ತುರುಕಿದ್ದರು. ಮೋಟರ್ ಹಾಕಿದ ಕೂಡಲೇ ಕಿತ್ತುಬಂತು. ನೀರು ಹೋಗಿದ್ದು ಒಂದು ಕಡೆಯಾದರೆ, ಅಜ್ಜ ಎರಡು ದಿನ ಬಸ್ಸಿನಲ್ಲಿ ಓಡಾಡಿದ್ದರು. ಪೈಪಿನ ಒಂದು ಬೆರಳುದ್ದ ತುಂಡು ಜೊತೆಗೆ ತಂದಿದ್ದರೆ ಮೊದಲನೇ ದಿನವೇ ಮುಗಿಯುತ್ತಿತ್ತು. ಪೈಪನ್ನು ಬಿಸಿ ಮಾಡಿ ಹಿಗ್ಗಿಸುವುದು, ಕೆರೆದು ಸಣ್ಣ ಮಾಡುವುದು ಯಾವತ್ತೂ ಬೇಡ. ಒಂದು ಜಾತಿಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ಎರಡೂ ಕಡೆ ಥ್ರೆಡ್ ಅಡಾಪ್ಟರ್ ಹಾಕಿ ಜೋಡಿಸಿ.

ಯೂಟ್ಯೂಬಿನಲ್ಲಿ ಅಮೆರಿಕದವರು ಎಂಟನೇ ಮೂರು (3/8) ಇಂಚಿನ ವಾಲ್ ಹಾಕುತ್ತಾರೆ. ಅದು ಇಲ್ಲಿ ಸಿಗುತ್ತಾ?

ನಿಮಗೆ ಅದು ಬೇಕಾಗುವುದೇ ಇಲ್ಲ. ಅಲ್ಲಿ ವಾಶ್ ಬೇಸಿನ್ ಕೆಳಗಿನ ವಾಲಿನಿಂದ ಹೊರಡುವ ಸಣ್ಣ ಪೈಪಿನ ಸೈಜ್ ಅದು. ನಮ್ಮಲ್ಲಿ ಆ ಜಾಗಕ್ಕೆ ಅರ್ಧ ಇಂಚಿನ ಆಂಗಲ್ ಕಾಕ್, ಅಂದರೆ ಗೋಡೆಯಿಂದ ಬಂದ ನೀರನ್ನು ಮೂಲೆ ತಿರುಗಿಸಿ ಬಿಡುವ ಸಣ್ಣ ವಾಲ್.

ಆನ್‌ಲೈನಿನಲ್ಲಿ ವಿದೇಶಿ ವಾಲ್ ತರಿಸುವವರು ಇನ್ನೊಂದು ವಿಷಯ ಗಮನಿಸಿ. ನಮ್ಮ ಥ್ರೆಡ್ ಬಿಎಸ್‌ಪಿ, ಅಮೆರಿಕದ್ದು ಎನ್‌ಪಿಟಿ. ಅರ್ಧ ಮತ್ತು ಮುಕ್ಕಾಲು ಇಂಚಿನಲ್ಲಿ ಎರಡಕ್ಕೂ ಇಂಚಿಗೆ 14 ಸುತ್ತು. ಹಾಗಾಗಿ ಮೊದಲ ಎರಡು ಮೂರು ಸುತ್ತು ಚೆನ್ನಾಗಿ ಹೋಗುತ್ತದೆ. ಆದರೆ ಹಲ್ಲಿನ ಕೋನ ಬೇರೆ, ನಮ್ಮದು 55 ಡಿಗ್ರಿ, ಅವರದು 60. ಆಮೇಲೆ ಬಿಗಿ ಹಿಡಿದು ನಿಲ್ಲುತ್ತದೆ. ಕೂತಿತು ಅಂತ ಬಿಟ್ಟರೆ ಸೋರಲು ಶುರು. ಎಷ್ಟು ಟೇಪು ಸುತ್ತಿದರೂ ಅದು ನೆಚ್ಚಿಕೊಳ್ಳುವಂಥ ಜೋಡಣೆ ಆಗುವುದಿಲ್ಲ.

ಗೇಟ್ ವಾಲ್ ತೆಗೆದು ಬಾಲ್ ವಾಲ್ ಹಾಕಬಹುದಾ?

ಹಾಕಬಹುದು, ನಾನಂತೂ ಹಾಕಿ ಅಂತಲೇ ಹೇಳುತ್ತೇನೆ. ಬಾಲ್ ವಾಲಿನ ಒಳಗೆ ರಂಧ್ರ ಇರುವ ಒಂದು ಗುಂಡು ಇರುತ್ತದೆ, ಹಿಡಿಕೆ ಅದನ್ನು ತಿರುಗಿಸುತ್ತದೆ. ಥ್ರೆಡ್ ಸೈಜ್ ಒಂದೇ ಇದ್ದರೆ ಸಾಕು. ಕಾಲು ಸುತ್ತಿಗೆ ಬಂದ್, ಕಾಲು ಸುತ್ತಿಗೆ ಚಾಲು. ಹಿಡಿಕೆ ಪೈಪಿನ ಉದ್ದಕ್ಕೆ ಇದ್ದರೆ ತೆರೆದಿದೆ, ಅಡ್ಡ ಇದ್ದರೆ ಮುಚ್ಚಿದೆ. ಕತ್ತಲಲ್ಲೂ ಕೈಯಿಂದ ಮುಟ್ಟಿ ತಿಳಿಯಬಹುದು. ಹಿಡಿಕೆ ಪೂರ್ತಿ ತಿರುಗಲು ಗೋಡೆಯ ಹತ್ತಿರ ಜಾಗ ಇದೆಯಾ ಅಂತ ಮಾತ್ರ ನೋಡಿಕೊಳ್ಳಿ.

ಎರಡು ಮಾತು ಗಮನದಲ್ಲಿರಲಿ. ಒಂದು, ಬಾಲ್ ವಾಲಿನಲ್ಲಿ ಒಳಗಿನ ರಂಧ್ರ ಪೈಪಿನಷ್ಟೇ ಇರುವುದೂ ಸಿಗುತ್ತದೆ, ಸಣ್ಣ ರಂಧ್ರದ್ದೂ ಸಿಗುತ್ತದೆ. ಹೊರಗಿನಿಂದ ಎರಡೂ ಒಂದೇ. ಬೆಲೆ ಕಡಿಮೆ ಇರುವುದು ಹೆಚ್ಚಾಗಿ ಸಣ್ಣ ರಂಧ್ರದ್ದು. ಅಂಗಡಿಯಲ್ಲೇ ವಾಲ್ ತೆರೆದು ಕಣ್ಣಿಗೆ ಹಿಡಿದು ನೋಡಿ. ಟ್ಯಾಂಕಿನಿಂದ ಇಳಿಯುವ ಲೈನಿಗೆ ಪೂರ್ತಿ ರಂಧ್ರದ್ದೇ ಬೇಕು. ಎರಡು, ನಿಮ್ಮ ಊರಿನ ನೀರು. ಭದ್ರಾ ನಾಲೆಯಿಂದ ಕುಂದವಾಡ ಕೆರೆಗೆ ಬಂದು ದಾವಣಗೆರೆಯ ನಲ್ಲಿಗೆ ಬರುವ ನೀರು ಮೆದು. ಅದೇ ಚಿತ್ರದುರ್ಗ, ಚಳ್ಳಕೆರೆ ಕಡೆಯ ಬೋರಿನ ನೀರು ಗಡಸು. ನೀರು ಕಾಯಿಸುವ ಹಂಡೆಯ ತಳದಲ್ಲಿ ಕಟ್ಟುವ ಬಿಳಿ ಪದರವೇ ವಾಲಿನ ಒಳಗೂ ಕಟ್ಟುತ್ತದೆ. ಗೇಟ್ ವಾಲಿನ ತಳದಲ್ಲಿ ಅದು ಕೂತರೆ ಗೇಟ್ ಪೂರ್ತಿ ಇಳಿಯುವುದಿಲ್ಲ. ಬಾಲ್ ವಾಲ್ ವರ್ಷಗಟ್ಟಲೆ ತಿರುಗಿಸದೆ ಬಿಟ್ಟರೆ ಅದೂ ಹಿಡಿದುಕೊಳ್ಳುತ್ತದೆ. ಅಮಾವಾಸ್ಯೆಗೊಮ್ಮೆ ಮನೆಯ ಎಲ್ಲಾ ವಾಲ್ ಒಂದು ಸಲ ಮುಚ್ಚಿ ತೆರೆಯಿರಿ. ಅಮಾವಾಸ್ಯೆ ಅಂತ ಹೇಳಿದ್ದು ದಿನ ನೆನಪಿರಲಿ ಅಂತ.

ಒಂದು ಸೈಜ್ ಸಣ್ಣ ವಾಲ್ ಹಾಕಿ ರೆಡ್ಯೂಸರ್ (ದೊಡ್ಡ ಪೈಪಿಗೆ ಸಣ್ಣದನ್ನು ಸೇರಿಸುವ ತುಂಡು) ಕೊಟ್ಟರೆ ಏನಾಗುತ್ತದೆ?

ಹರಿಹರದ ನಮ್ಮ ಅಮ್ಮನ ಮನೆಯಲ್ಲಿ ಹೀಗೇ ಆಗಿತ್ತು. ಟ್ಯಾಂಕಿನ ಕೆಳಗೆ ಒಂದೂಕಾಲು ಇಂಚಿನ ವಾಲ್ ಕೆಟ್ಟಿತ್ತು. ಬಂದ ಮೇಸ್ತ್ರಿಯ ಹತ್ತಿರ ಎರಡು ಸೈಜ್ ಸಣ್ಣದಾದ ಮುಕ್ಕಾಲಿನದು ಇತ್ತು. ಎರಡು ರೆಡ್ಯೂಸರ್ ಹಾಕಿ ಜೋಡಿಸಿ ಹೋದರು. ಒಂದು ಹನಿಯೂ ಸೋರಲಿಲ್ಲ. ಆದರೆ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟರೆ ಬಚ್ಚಲಿನಲ್ಲಿ ನೀರು ದಾರದ ಹಾಗೆ ಬರತೊಡಗಿತು. ಅಮ್ಮ ಟ್ಯಾಂಕಿನಲ್ಲಿ ಕಸ ಇದೆ ಅಂತ ಎರಡು ಸಲ ತೊಳೆಸಿದರು. ನಾನು ಹೋಗಿ ಮೇಲೆ ಹತ್ತಿ ನೋಡಿದಾಗಲೇ ಗೊತ್ತಾಗಿದ್ದು.

ಮೇಲಿನ ಟ್ಯಾಂಕಿನ ನೀರಿಗೆ ತಳ್ಳುವವರು ಯಾರೂ ಇಲ್ಲ, ಎತ್ತರವೇ ಅದರ ಶಕ್ತಿ. ಒಂದು ಮೀಟರ್ ಎತ್ತರಕ್ಕೆ ಸಿಗುವುದು ಸುಮಾರು 0.1 ಬಾರ್ ಒತ್ತಡ. ಟ್ಯಾಂಕ್ ಹತ್ತು ಅಡಿ ಮೇಲಿದ್ದರೆ ಸುಮಾರು 0.3 ಬಾರ್. ಅಷ್ಟು ಕಡಿಮೆ ಒತ್ತಡದಲ್ಲಿ ಸಣ್ಣ ರಂಧ್ರ ದೊಡ್ಡ ಅಡ್ಡಿ. ಅಗಲ 20ರಿಂದ 15ಕ್ಕೆ ಇಳಿದರೆ ರಂಧ್ರದ ಬಾಯಿ ಕಾಲು ಭಾಗ ಕಡಿಮೆಯಾಯಿತು ಅಂತ ಅನಿಸುತ್ತದೆ. ಲೆಕ್ಕ ಹಾಕಿದರೆ ನೀರು ಹೋಗುವ ಜಾಗ ಹೆಚ್ಚೂಕಡಿಮೆ ಅರ್ಧ ಆಗಿರುತ್ತದೆ. ಟ್ಯಾಂಕಿನ ಲೈನಿನಲ್ಲಿ ಸೈಜ್ ಇಳಿಸಬೇಡಿ. ಸರಿಯಾದ ವಾಲ್ ಸಿಗುವವರೆಗೆ ಒಂದು ದಿನ ಬಿಂದಿಗೆಯಲ್ಲಿ ನೀರು ಹೊತ್ತರೂ ಪರವಾಗಿಲ್ಲ.

ವಾಶ್ ಬೇಸಿನ್, ಗೀಸರ್, ಫ್ಲಶ್ ಟ್ಯಾಂಕ್ ಇವುಗಳ ಆಂಗಲ್ ಕಾಕ್ ಸೈಜ್?

ನಮ್ಮ ಮನೆಗಳಲ್ಲಿ ಹೆಚ್ಚಾಗಿ ಎಲ್ಲಾ ಅರ್ಧ ಇಂಚು, ಗೋಡೆ ಕಡೆಗೂ ಹೊರ ಕಡೆಗೂ. ಇಲ್ಲಿ ತಪ್ಪುವುದು ಉದ್ದದಲ್ಲಿ. ಟೈಲ್ಸ್ ದಪ್ಪ ಇದ್ದರೆ ಗೋಡೆಯೊಳಗಿನ ಥ್ರೆಡ್ ಆಳದಲ್ಲಿ ಉಳಿದಿರುತ್ತದೆ, ಕಾಕ್ ಎರಡೇ ಸುತ್ತು ಹಿಡಿಯುತ್ತದೆ. ಆಗ ಅರ್ಧ ಇಂಚಿನ ಎಕ್ಸ್‌ಟೆನ್ಷನ್ ನಿಪ್ಪಲ್ ಬೇಕು. ಟೈಲ್ಸ್ ಮೇಲ್ಮೈಯಿಂದ ಥ್ರೆಡ್ಡಿಗೆ ಎಷ್ಟು ಆಳ ಅಂತ ಒಂದು ಕಡ್ಡಿ ತೂರಿಸಿ ಅಳೆದು ತನ್ನಿ.

ಫಳಫಳ ಹೊಳೆಯುವುದೆಲ್ಲ ಹಿತ್ತಾಳೆ ಅಲ್ಲ. ಕೈಯಲ್ಲಿ ಹಿಡಿದು ತೂಗಿ ನೋಡಿ, ಹಿತ್ತಾಳೆ ಭಾರ ಇರುತ್ತದೆ. ಗೀಸರ್ ಲೈನಿಗೆ ಹಿತ್ತಾಳೆಯದೇ ಹಾಕಿ. ಗೀಸರಿನ ಮೇಲೆ ಕಂಪನಿ ಕೊಟ್ಟ ಸುರಕ್ಷತಾ ವಾಲ್ ಇರುತ್ತದೆ, ಅದನ್ನು ತೆಗೆದು ಆ ಜಾಗಕ್ಕೆ ಬೇರೆ ಏನನ್ನೂ ಹಾಕಬೇಡಿ.

ವಾಷಿಂಗ್ ಮೆಷಿನ್ನಿನ ಪೈಪಿನ ನಟ್ ಮಾತ್ರ ಮುಕ್ಕಾಲು ಇಂಚು.

ಗೋಡೆಯೊಳಗೆ ಹೂತಿರುವ ವಾಲ್ ಕೆಟ್ಟಿದೆ. ಟೈಲ್ಸ್ ಒಡೆಯಬೇಕಾ?

ಹೆಚ್ಚಿನ ಸಲ ಬೇಡ. ಹಿಡಿಕೆ ಬಿಚ್ಚಿ, ಹೊರಗಿನ ತಟ್ಟೆ ತೆಗೆದರೆ ಒಳಗಿನ ಸ್ಪಿಂಡಲ್ ಸ್ಪ್ಯಾನರಿಗೆ ಸಿಗುತ್ತದೆ. ಮೈ ಗೋಡೆಯೊಳಗೇ ಇರಲಿ, ಸ್ಪಿಂಡಲ್ ಮಾತ್ರ ಹೊಸದು ಹಾಕಿ. ಆದರೆ ಇದರಲ್ಲಿ ಪೈಪಿನ ಸೈಜ್ ಕೆಲಸಕ್ಕೆ ಬರುವುದಿಲ್ಲ, ಒಂದೊಂದು ಕಂಪನಿಯದು ಒಂದೊಂದು ಥರ. ಬಿಚ್ಚಿದ ಸ್ಪಿಂಡಲ್ಲನ್ನೇ ಅಂಗಡಿಗೆ ತನ್ನಿ. ತುದಿಯ ಹಲ್ಲು ಎಷ್ಟಿವೆ ಎಣಿಸುತ್ತೇವೆ, ಉದ್ದ ಅಳೆಯುತ್ತೇವೆ, ಥ್ರೆಡ್ ಹೊಂದಿಸಿ ನೋಡುತ್ತೇವೆ. ಬಿಚ್ಚುವ ಮುಂಚೆ ಟ್ಯಾಂಕಿನ ವಾಲ್ ಬಂದ್ ಮಾಡಿ, ಕೆಳಗಿನ ನಲ್ಲಿ ತೆರೆದು ಪೈಪು ಖಾಲಿ ಮಾಡಿ.

ಸೈಜ್ ಸರಿ ಇದೆ, ಆದರೂ ಹೊಸ ವಾಲ್ ಆ ಜಾಗದಲ್ಲಿ ಕೂರುತ್ತಿಲ್ಲ.

ಉದ್ದ ಬೇರೆ ಇರುತ್ತದೆ. ಮುಕ್ಕಾಲು ಇಂಚಿನ ಎರಡು ಕಂಪನಿಯ ವಾಲ್ ಪಕ್ಕಪಕ್ಕ ಇಟ್ಟರೆ ಬೆರಳಷ್ಟು ವ್ಯತ್ಯಾಸ ಇರುವುದುಂಟು. ಹಳೆಯ ವಾಲಿನ ಈ ತುದಿಯಿಂದ ಆ ತುದಿಗೆ ಎಷ್ಟು ಅಂತಲೂ ಅಳೆದುಕೊಂಡು ಬನ್ನಿ.

ಸಿಪಿವಿಸಿಯಲ್ಲಿ ಅಂಟಿಸಿದ ವಾಲ್ ಬಿಚ್ಚಲು ಬರುವುದಿಲ್ಲ, ಕತ್ತರಿಸಲೇಬೇಕು. ಆಗ ಎರಡೂ ಕಡೆ ಪೈಪು ಸ್ವಲ್ಪ ಕಡಿಮೆಯಾಗುತ್ತದೆ. ಒಂದು ಅಡಿ ಪೈಪು, ಎರಡು ಕಪ್ಲರ್ (ಎರಡು ಪೈಪು ಸೇರಿಸುವ ತುಂಡು) ಜೊತೆಗೇ ಒಯ್ಯಿರಿ. ಪೈಪು ವಾಲಿನ ಬಾಯೊಳಗೆ ಎಷ್ಟು ಹೋಗಬೇಕು ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಮುಕ್ಕಾಲು ಇಂಚಿನಲ್ಲಿ ಸುಮಾರು 18 ಎಂಎಂ, ಒಂದು ಇಂಚಿನಲ್ಲಿ 23.

ಜಿಐ ಲೈನಿನ ನಡುವಿನ ವಾಲ್ ತಿರುಗಿಸಿ ಬಿಚ್ಚಲು ಹೋದರೆ ಇನ್ನೊಂದು ಕಡೆ ಬಿಗಿಯಾಗುತ್ತಾ ಹೋಗುತ್ತದೆ. ಹತ್ತಿರದಲ್ಲಿ ಯೂನಿಯನ್, ಅಂದರೆ ಪೈಪು ತಿರುಗಿಸದೆ ನಟ್ ಬಿಚ್ಚಿ ಬೇರೆ ಮಾಡಬಹುದಾದ ಜೋಡಣೆ, ಇದೆಯಾ ನೋಡಿ. ಇದ್ದರೆ ಮೊದಲು ಅದನ್ನು ಬಿಚ್ಚಿ. ಇಲ್ಲದಿದ್ದರೆ ಪೈಪು ಕೊಯ್ದು, ಈ ಸಲವಾದರೂ ಒಂದು ಯೂನಿಯನ್ ಹಾಕಿಸಿ. ಅದಕ್ಕೆ ಹಾಕುವ ದುಡ್ಡು ವ್ಯರ್ಥವಲ್ಲ. ಹಳೆ ಜಿಐ ಪೈಪನ್ನು ಜಾಸ್ತಿ ಬಲ ಹಾಕಿ ತಿರುಗಿಸಬೇಡಿ. ತುಕ್ಕು ಹಿಡಿದ ಥ್ರೆಡ್ ಗೋಡೆಯೊಳಗೆ ಮುರಿದರೆ ಕೆಲಸ ಹತ್ತರಷ್ಟಾಗುತ್ತದೆ.

ವಾಲಿನ ಮೇಲೆ ಬಾಣದ ಗುರುತು ಇದೆ. ಅದು ಏನು?

ನೀರು ಹರಿಯುವ ದಿಕ್ಕು. ಸ್ಟಾಪ್ ಕಾಕಿಗೂ ನೀರು ಹಿಂದಕ್ಕೆ ಬರದಂತೆ ತಡೆಯುವ ಎನ್‌ಆರ್‌ವಿಗೂ ಇರುತ್ತದೆ. ಹಾಗೇ ಹಾಕಬೇಕು. ಮನೆಯಲ್ಲಿ ಹಾಕುವ ಗೇಟ್ ವಾಲ್, ಬಾಲ್ ವಾಲಿಗೆ ದಿಕ್ಕಿಲ್ಲ.

ರಸ್ತೆಯಿಂದ ಬರುವ ಲೈನಿನ ವಾಲ್ ನಾನೇ ಬದಲಿಸಬಹುದಾ?

ಮೀಟರ್ ಮತ್ತು ಅದಕ್ಕಿಂತ ಹಿಂದಿನ ಭಾಗ ಮುಟ್ಟಬೇಡಿ. ಅಲ್ಲಿ ಸೋರಿದರೆ ಮಹಾನಗರ ಪಾಲಿಕೆಯ ನೀರಿನ ವಿಭಾಗಕ್ಕೆ, ಚಿತ್ರದುರ್ಗದವರಾದರೆ ನಗರಸಭೆಗೆ ತಿಳಿಸಿ. ಮೀಟರಿನಿಂದ ಈಚೆಗೆ ನಿಮ್ಮದು.

ಅಂಗಡಿಗೆ ಬರುವಾಗ ಏನೇನು ತರಲಿ?

ಹಳೆ ವಾಲ್ ಬಿಚ್ಚಿದ್ದರೆ ಅದನ್ನೇ ತನ್ನಿ, ಕೆಸರಿದ್ದರೂ ಪರವಾಗಿಲ್ಲ. ಬಿಚ್ಚದಿದ್ದರೆ ಮೊಬೈಲಿನಲ್ಲಿ ಮೂರು ಫೋಟೋ ತೆಗೆಯಿರಿ. ಒಂದು ವಾಲಿನದು, ಒಂದು ಪೈಪಿನ ಅಚ್ಚಿನದು, ಇನ್ನೊಂದು ದೂರದಿಂದ, ಸುತ್ತಮುತ್ತಲಿನ ಎಲ್ಬೋ, ಟೀ ಎಲ್ಲಾ ಕಾಣುವ ಹಾಗೆ. ಜೊತೆಗೆ ಸುತ್ತಿ ಗೆರೆ ಹಾಕಿದ ಆ ಕಾಗದದ ಪಟ್ಟಿ. ಫೋಟೋದಲ್ಲಿ ಅಳತೆ ಗೊತ್ತಾಗುವುದಿಲ್ಲ, ಪಟ್ಟಿಯಲ್ಲಿ ಗೊತ್ತಾಗುತ್ತದೆ.

ಮೊನ್ನೆ ಒಬ್ಬ ಅಕ್ಕ ಬಂದಿದ್ದರು. ಗಂಡ ಊರಲ್ಲಿರಲಿಲ್ಲ. ಕ್ಯಾಲೆಂಡರ್ ಹರಿದು ಮಾಡಿದ ಪಟ್ಟಿ ಕೌಂಟರ್ ಮೇಲೆ ಇಟ್ಟರು. "ಅಣ್ಣಾ, ಒಂಬತ್ತು ಸೆಂಟಿಮೀಟರ್ ಐತ್ರಿ, ಕೆನೆ ಬಣ್ಣದ ಪೈಪು, 15778 ಅಂತ ಬರದೈತಿ" ಅಂದರು. ಒಂದು ಇಂಚಿನ ಸಿಪಿವಿಸಿ ಬಾಲ್ ವಾಲ್ ತೆಗೆದುಕೊಟ್ಟೆ. ಎರಡು ನಿಮಿಷದ ಕೆಲಸ. ವಾಪಸ್ ಬರಲಿಲ್ಲ.

ಅಂಟಿಸಿದ ಮೇಲೆ ನೀರು ಯಾವಾಗ ಬಿಡೋದು?

ಸಿಪಿವಿಸಿಗೆ ಸಿಪಿವಿಸಿಯದೇ ಅಂಟು ಬೇಕು, ತೋಟದ ಪಿವಿಸಿಯ ಅಂಟು ಬೇಡ. ಡಬ್ಬಿಯ ಮೇಲೆ ಬರೆದ ಹೊತ್ತು ಕಾಯಿರಿ. ಆಗುವುದಾದರೆ ಒಂದು ರಾತ್ರಿ ಪೂರ್ತಿ ಬಿಡಿ. ಅದಕ್ಕೇ ಈ ಕೆಲಸ ಸಂಜೆ ಶುರು ಮಾಡುವುದು ಒಳ್ಳೆಯದು. ಸಂಜೆಗೆ ಬಕೆಟ್, ಬಿಂದಿಗೆ, ಹಂಡೆ ಎಲ್ಲಾ ತುಂಬಿಸಿಟ್ಟುಕೊಳ್ಳಿ. ಅಂಟಿಸುವಾಗ ವಾಲ್ ತೆರೆದೇ ಇರಲಿ. ಮುಚ್ಚಿಟ್ಟರೆ ಒಳಗೆ ಇಳಿದ ಅಂಟು ಗುಂಡನ್ನು ಹಿಡಿದುಬಿಡಬಹುದು.

ಮುಂದಿನ ಸಲ ಮತ್ತೆ ಇಷ್ಟೆಲ್ಲ ಅಳೆಯಬೇಕಾ?

ಬೇಡ. ಹೊಸ ವಾಲ್ ಹಾಕಿದ ದಿನವೇ ಪಕ್ಕದ ಗೋಡೆಯ ಮೇಲೆ ದಪ್ಪ ಮಾರ್ಕರಿನಲ್ಲಿ ಪೈಪಿನ ಜಾತಿ, ಸೈಜ್, ತಿಂಗಳು, ವರ್ಷ ಬರೆದಿಡಿ. ಅಮ್ಮನ ಮನೆಯ ಟ್ಯಾಂಕಿನ ಕಟ್ಟೆಯ ಮೇಲೆ ನಾನು ಬರೆದದ್ದು ಇನ್ನೂ ಇದೆ: "ಟ್ಯಾಂಕ್ ಇಳಿ ಲೈನ್, ಸಿಪಿವಿಸಿ, ಒಂದರ ಮೇಲೆ ಕಾಲು, ಸುತ್ತಳತೆ 11." ಬಿಸಿಲಿಗೆ ಮಸುಕಾದಾಗಲೆಲ್ಲ ಅಮ್ಮ ಅದರ ಮೇಲೆ ಮತ್ತೊಂದು ಸಲ ಪೆನ್ನು ಆಡಿಸುತ್ತಾರೆ.